ಬೆಂಗಳೂರಿನಲ್ಲಿ ಆಡದ ಬೆಂಗಳೂರು ತಂಡ

ಮೊನ್ನೆ ಅಂಕೋಲೆಯ ಮನೆಯ ಅಟ್ಟ ಗುಡಿಸುವಾಗ ತಮ್ಮನ ಹಳೇ ಕಬಡ್ಡಿ ಜೆರ್ಸಿ ಸಿಕ್ಕಿತು. ಬೆನ್ನ ಮೇಲಿನ 7 ಅರ್ಧ ಕಿತ್ತುಹೋಗಿದೆ. ನೋಡಿದ್ದೇ ನನಗೆ ನೆನಪಾದದ್ದು ಮಾತ್ರ ಬೆಂಗಳೂರು ವಾರ್‌ಹಾಕ್ಸ್! ಈ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ...

2011ರಲ್ಲಿ ‘ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ’ ಅಂತ ಒಂದು ಘೋಷಣೆಯಾಯಿತು. ನಮ್ಮ ಕಾಲ್ಚೆಂಡಲ್ಲ ಮತ್ತೆ. ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿಕೊಂಡು ಮೊಟ್ಟೆಯಾಕಾರದ ಚೆಂಡು ಅವಚಿ ನುಗ್ಗುತ್ತಾರಲ್ಲ, ಆ ಅಮೆರಿಕನ್ ಫುಟ್‌ಬಾಲ್. ಕರ್ಟ್ ವಾರ್ನರ್, ಮೈಕ್ ಡಿಟ್ಕಾರಂಥ ಆ ಆಟದ ದೊಡ್ಡ ಹೆಸರುಗಳು, ನಟ ಮಾರ್ಕ್ ವಾಲ್‌ಬರ್ಗ್ ಎಲ್ಲ ಇದರ ಬೆನ್ನಿಗಿದ್ದರು. ಎಂಟು ತಂಡಗಳಲ್ಲಿ ನಮ್ಮ ಪಾಲಿಗೆ ಬಂದದ್ದು ವಾರ್‌ಹಾಕ್ಸ್. 2012ರಲ್ಲಿ ಟೆನ್ ಸ್ಪೋರ್ಟ್ಸ್‌ನಲ್ಲಿ ತೋರಿಸಿದರು.

ನನಗೆ ಆಟ ಬಿಡಿಸಿ ಹೇಳಿದವನು ತಮ್ಮನೇ. “ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗ್ಬೇಕು ಅಕ್ಕಾ, ಇಲ್ದಿದ್ರೆ ಚೆಂಡು ಅವರಿಗೆ. ಹಿಡಿದು ಕೆಡಗೋದೆಲ್ಲ ನಮ್ಮ ಕಬಡ್ಡೀನೇ!” ಕಾರವಾರದ ಮಾಲಾದೇವಿ ಮೈದಾನದಲ್ಲಿ ರೇಡ್ ಮಾಡಿ ಚಪ್ಪಾಳೆ ಗಿಟ್ಟಿಸಿದವನು ಅವನು. ಆಮೇಲೆ ಮೆಲ್ಲಗೆ, “ನಾನೂ ಒಂದು ಕೈ ನೋಡ್ಲಾ?” ಅಂದ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಬೆಂಗಳೂರು ತಂಡ ಬೆಂಗಳೂರಲ್ಲಿ ಯಾಕೆ ಆಡೂದಿಲ್ಲ?” ಅಂತ ಕೇಳಿದರು ಅಷ್ಟೇ.

ನಮ್ಮಲ್ಲಿ ಉತ್ತರವಿರಲಿಲ್ಲ. ಆಟ ನಡೆದದ್ದು ಕೊಲಂಬೊದಲ್ಲಿ. ಫೈನಲ್ಲಿನಲ್ಲಿ ಪುಣೆ ಮರಾಠಾಸ್ ತಂಡ ಡೆಲ್ಲಿ ಡಿಫೆಂಡರ್ಸನ್ನು 6-0ಯಿಂದ ಸೋಲಿಸಿತು. ಮರುವರ್ಷ ಕಾದೆವು. ನಮ್ಮ ಟಿವಿಯಲ್ಲಿ ವಾರ್‌ಹಾಕ್ಸ್ ಮತ್ತೆ ಕಾಣಲೇ ಇಲ್ಲ. ಅಪ್ಪ ‘ನಾ ಹೇಳಿರಲಿಲ್ವಾ’ ಅಂತ ಒಮ್ಮೆಯೂ ಅನ್ನಲಿಲ್ಲ. ತಮ್ಮ ಗೋವಾಕ್ಕೆ ಕೆಲಸಕ್ಕೆ ಹೋದ.

2014ರಲ್ಲಿ ಪ್ರೊ ಕಬಡ್ಡಿ ಬಂತು ನೋಡಿ. ಬೆಂಗಳೂರು ಬುಲ್ಸ್ ಬೆಂಗಳೂರಿನಲ್ಲೇ, ಕಂಠೀರವದ ಒಳಾಂಗಣದಲ್ಲೇ ಆಡಿತು. ಜನ ಕೂಗಿದ್ದೇ ಕೂಗಿದ್ದು. ಅವನ ಆಟಕ್ಕೇ ಸಂಬಳ ಬರುವ ಕಾಲ ಬಂತು. ಅಷ್ಟರಲ್ಲಿ ಅವನ ಮಂಡಿ ಹೋಗಿತ್ತು.

ಅಪ್ಪನ ಪ್ರಶ್ನೆ ಈಗ ಅರ್ಥವಾಗುತ್ತದೆ. ದುಡ್ಡು, ಹೆಸರು ಎಷ್ಟೇ ಇರಲಿ, ತಂಡಕ್ಕೆ ಒಂದು ಊರು ಬೇಕು. ಮಾಲಾದೇವಿಯಲ್ಲಿ ತಮ್ಮ ಗೆರೆ ದಾಟಿದರೆ ಸಾಕು, ಹೆಸರು ಹಿಡಿದು ಕರೆಯುವವರಿದ್ದರು. ಕೊಲಂಬೊದಲ್ಲಿ ನಮ್ಮ ವಾರ್‌ಹಾಕ್ಸ್ ಹುಡುಗರನ್ನು ಹಾಗೆ ಕರೆಯಲು ಯಾರಿದ್ದರು? ಬಿದ್ದು ಎದ್ದು ಆಡಿದ್ದಂತೂ ಅವರೂ ಸುಳ್ಳಲ್ಲ, ಪಾಪ.

ರಾತ್ರಿ ತಮ್ಮನಿಗೆ ಫೋನ್ ಮಾಡಿ ಜೆರ್ಸಿ ಏನು ಮಾಡಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

“ತೊಳೆದಿಡೇ ಅಕ್ಕಾ. ಮಗನಿಗೆ ಆಗ್ತದೆ.”