ರಜಾಕಾಲದಲ್ಲಿ ಕಂಡ ಅಮೆರಿಕದ ಪಟ್ಟಣಗಳು

ನಾವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ಕಂಡ ಪಟ್ಟಣಗಳ ವಿಷಯವಾಗಿ ಏನಾದರೂ ಬರೆಯಬೇಕೆಂದು ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಬಹಳ ದಿವಸಗಳಿಂದ ಕೇಳುತ್ತಲಿದ್ದಾರೆ. ಭೂಗೋಳದ ಪಾಠ ನಡೆಯುವಾಗ ಅಲ್ಲೊಂದು ಇಲ್ಲೊಂದು ಮಾತು ಹೇಳಿದ್ದುಂಟೇ ಹೊರತು ಕ್ರಮವಾಗಿ ಬರೆದದ್ದಿಲ್ಲ. ಈ ಸಂಚಿಕೆಯ ಸಂಪಾದಕಿಯರು ಈ ಸಾರಿ ನಮ್ಮನ್ನು ಬಿಡಲಿಲ್ಲ. ಪೋಷಕರೂ ಇದನ್ನು ಓದುವರಾದ್ದರಿಂದ ಅವರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಇದರ ನಡುವೆ ಸೇರಿಸಿದ್ದೇವೆ.

ಓಹಿಯೋ ಸಂಸ್ಥಾನದ ಒಂದು ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ವ್ಯಾಸಂಗಕ್ಕೆ ನಾವು ಸೇರಿದ್ದು 2003ನೆಯ ಇಸವಿ ಆಗಸ್ಟ್ ತಿಂಗಳಲ್ಲಿ. ಹಿಂದಿರುಗಿದ್ದು 2005ನೆಯ ಇಸವಿ ಜೂನ್ ತಿಂಗಳಲ್ಲಿ. ವಿದ್ಯಾರ್ಥಿವೇತನವು ಊಟಕ್ಕೂ ಪುಸ್ತಕಗಳಿಗೂ ಸರಿಹೋಗುತ್ತಿತ್ತು. ಉಳಿದ ಚೂರುಪಾರು ಹಣದಲ್ಲಿ, ರಜಾ ಬಂದಾಗಲೆಲ್ಲ ದೂರದೂರಿನ ಬಸ್ಸು ಹತ್ತುತ್ತಿದ್ದೆವು. ರಾತ್ರಿ ಪ್ರಯಾಣವನ್ನೇ ಆರಿಸುತ್ತಿದ್ದೆವು. ಮಲಗುವ ಕೊಠಡಿಯ ಬಾಡಿಗೆ ಉಳಿಯುತ್ತಿತ್ತು. ನಮ್ಮ ಕೊಠಡಿಯಲ್ಲಿ ಘಾನಾ ದೇಶದ ಒಬ್ಬ ಗಣಿತದ ಉಪಾಧ್ಯಾಯಿನಿ ವಾಸವಾಗಿದ್ದರು. ಅವರು ಪ್ರತಿ ಪ್ರವಾಸದಲ್ಲಿಯೂ ಸಂಗಡ ಬಂದರು. ಬುತ್ತಿಗೆ ರೊಟ್ಟಿ ಮತ್ತು ಕಡಲೆಕಾಯಿಯ ಬೆಣ್ಣೆ. ಕಡಲೆಕಾಯಿಯ ವಿಷಯದಲ್ಲಿ ಅವರ ದೇಶಕ್ಕೂ ನಮ್ಮ ದೇಶಕ್ಕೂ ಎಳ್ಳಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ.

ಮೊದಲು ನೋಡಿದ ಪಟ್ಟಣ ಬೋಸ್ಟನ್. ಅದು 2003ನೆಯ ನವೆಂಬರಿನಲ್ಲಿ, ಉಪಕಾರಸ್ತುತಿಯ ಹಬ್ಬದ ರಜೆ. ಆ ಪಟ್ಟಣದ ಸಾರ್ವಜನಿಕ ಪುಸ್ತಕಾಲಯದ ಬಾಗಿಲ ಮೇಲೆ, ಇದು ಸರ್ವರಿಗೂ ಮುಕ್ತವೆಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಅದು ಸುಳ್ಳಲ್ಲ, ಪರದೇಶಿಯರಾದ ನಮ್ಮನ್ನು ಅಲ್ಲಿ ಯಾರೂ ಏನೂ ಕೇಳದೆ ಇಡೀ ದಿವಸ ಕೂರಗೊಟ್ಟರು. ಆದರೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಆ ಭವ್ಯ ಮಂದಿರವಲ್ಲ. ಬೀಕನ್ ಹಿಲ್ ಎಂಬ ದಿಣ್ಣೆಯ ಮೇಲೆ ಇಟ್ಟಿಗೆಯ ಒಂದು ಚಿಕ್ಕ ಕಟ್ಟಡವಿದೆ. ಅದರ ಹೆಸರು ಅಬಯಲ್ ಸ್ಮಿತ್ ಶಾಲೆ. 1835ರಲ್ಲಿ ಕಪ್ಪು ವರ್ಣದ ಮಕ್ಕಳಿಗೆಂದು ಕಟ್ಟಿದ್ದು; ಈಗ ವಸ್ತುಸಂಗ್ರಹಾಲಯ. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಹುಡುಗಿಯು ಬಿಳಿಯರ ಐದು ಶಾಲೆಗಳನ್ನು ದಾಟಿಕೊಂಡು ಈ ಶಾಲೆಗೆ ನಡೆದು ಬರಬೇಕಾಗಿದ್ದಿತು. ಆಕೆಯ ತಂದೆಯು ನ್ಯಾಯಸ್ಥಾನದಲ್ಲಿ ದಾವೆ ಹೂಡಿದನು. ಚಾರ್ಲ್ಸ್ ಸಮ್ನರ್ ಎಂಬ ಪ್ರಸಿದ್ಧ ವಕೀಲರೂ, ರಾಬರ್ಟ್ ಮಾರಿಸ್ ಎಂಬ ಕಪ್ಪು ವರ್ಣದ ತರುಣ ವಕೀಲರೂ ಮಗುವಿನ ಪರವಾಗಿ ನಿಂತರು. ಆದರೂ 1850ರಲ್ಲಿ ತೀರ್ಪು ಮಗುವಿಗೆ ವಿರೋಧವಾಗಿಯೇ ಬಂದಿತು. ಐದು ವರ್ಷಗಳ ತರುವಾಯ, 1855ರಲ್ಲಿ, ಆ ಸಂಸ್ಥಾನದ ಶಾಸನಸಭೆಯು ಬಣ್ಣದ ಕಾರಣದಿಂದ ಮಕ್ಕಳನ್ನು ಶಾಲೆಯಿಂದ ದೂರವಿಡಕೂಡದೆಂದು ಕಾಯಿದೆ ಮಾಡಿತು. ಅಷ್ಟರಲ್ಲಿ ಸಾರಾ ಬೆಳೆದು ದೊಡ್ಡವಳಾಗುತ್ತಿದ್ದಳು. ಕಾಯಿದೆಯ ಕಾಲಿಗಿಂತ ಮಕ್ಕಳ ಕಾಲು ಚುರುಕಲ್ಲವೆ!

ಅದೇ ದಿವಸ ಸಂಜೆ ಒಂದು ಅಂಗಡಿಗೆ ಕೈಗವಸು ಕೊಳ್ಳಲು ಹೋದೆವು. ಕಾವಲುಗಾರನೊಬ್ಬನು ನಮ್ಮ ಗೆಳತಿಯ ಹಿಂದೆಯೇ ಸಾಲಿನಿಂದ ಸಾಲಿಗೆ ನಡೆದನು. ನಮ್ಮ ಹಿಂದೆ ಬರಲಿಲ್ಲ. ಹೊರಗೆ ಬಂದ ಮೇಲೆ ಅವರು ನಗುತ್ತಲೇ, “ನಿನ್ನ ಊರಿನಲ್ಲಿ ಯಾರ ಹಿಂದೆ ನಡೆಯುತ್ತಾರೆ?” ಎಂದು ಕೇಳಿದರು. ನಾವು ಅವರಿಗೆ ನಮ್ಮ ಅಜ್ಜಿಯವರ ವಿಷಯವನ್ನು ಹೇಳಿದೆವು. ಅಜ್ಜಿಯವರು ಅಕ್ಷರ ಕಲಿತದ್ದು ಊರ ಶಾಲೆಯ ಒಳಗಲ್ಲ, ಜಗಲಿಯ ಮೇಲೂ ಅಲ್ಲ. ಅಂಗಳದ ಹುಣಿಸೆಮರದ ಕೆಳಗೆ, ಒಳಗಿನ ಮಕ್ಕಳು ಗಟ್ಟಿಯಾಗಿ ಒಪ್ಪಿಸುವುದನ್ನು ಕೇಳಿ, ಮಣ್ಣಿನ ಮೇಲೆ ಬರೆದು. ಬಸ್ಸಿನ ನಿಲ್ದಾಣದ ತನಕ ಗೆಳತಿಯು ಮತ್ತೇನನ್ನೂ ಕೇಳಲಿಲ್ಲ.

ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ನ್ಯೂಯಾರ್ಕಿಗೆ ಹೋದೆವು. ಆ ಮಹಾನಗರದ ವರ್ಣನೆಯನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಚಳಿ ವಿಪರೀತವಾಗಿತ್ತು, ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಹಡಗಿನ ಕಟಕಟೆಯಿಂದ ನೋಡಿ, ಕಲ್ಲಿನ ಸಿಂಹಗಳೆರಡು ಕಾಯುವ ಪುಸ್ತಕಾಲಯದಲ್ಲಿ ಬೆಚ್ಚಗೆ ಕುಳಿತೆವು. ಇಷ್ಟು ಸಾಕು.

ಅಲ್ಲಿಂದ ಫಿಲಡೆಲ್ಫಿಯಾ. ಈ ಪಟ್ಟಣದಲ್ಲಿ ಎಲ್ಲರೂ ನೋಡುವುದು ಬಿರುಕುಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನು. ನಾವೂ ನೋಡಿದೆವು. ನಾವು ಹುಡುಕಿಕೊಂಡು ಹೋದದ್ದು ಮಾತ್ರ ಒಂದು ಗೋಡೆಯನ್ನು. ಗಿರಾರ್ಡ್ ಕಾಲೇಜು ಎಂಬ ಅನಾಥ ಬಾಲಕರ ವಿದ್ಯಾಲಯದ ಸುತ್ತ ಹತ್ತು ಅಡಿ ಎತ್ತರದ ಕಲ್ಲಿನ ಗೋಡೆಯಿದೆ. ಸ್ಟೀಫನ್ ಗಿರಾರ್ಡ್ ಎಂಬ ಕೋಟ್ಯಧೀಶನು 1831ರಲ್ಲಿ ಸಾಯುವಾಗ ಇದಕ್ಕಾಗಿ ಅಪಾರ ದ್ರವ್ಯವನ್ನು ಬಿಟ್ಟುಹೋದನು. 1848ರಲ್ಲಿ ಬಾಗಿಲು ತೆರೆಯಿತು. ತಂದೆಯಿಲ್ಲದ ಬಿಳಿಯ ಗಂಡುಮಕ್ಕಳಿಗೆ ಮಾತ್ರ ಪ್ರವೇಶವೆಂದು ಮರಣಶಾಸನದಲ್ಲಿ ಬರೆದಿತ್ತು. ಪಾದ್ರಿಗಳಾಗಲಿ ಧರ್ಮಪ್ರಚಾರಕರಾಗಲಿ ಒಳಗೆ ಕಾಲಿಡಕೂಡದೆಂದೂ ಬರೆದಿತ್ತು. ಮಿಶನ್ನಿನ ಅನ್ನದಲ್ಲಿ ಬೆಳೆದ ನಾವು ಹೊರಗಿನಿಂದಲೇ ನಮಸ್ಕಾರ ಮಾಡುವುದು ಲೇಸೆಂದುಕೊಂಡೆವು. 1965ರಲ್ಲಿ ಜನರು ತಿಂಗಳುಗಟ್ಟಲೆ ಈ ಗೋಡೆಯ ಸುತ್ತ ನಡೆದು ಪ್ರತಿಭಟಿಸಿದರು. 1968ರಲ್ಲಿ ಕಪ್ಪು ವರ್ಣದ ಬಾಲಕರು ಒಳಗೆ ಹೋದರು. ಹೆಣ್ಣುಮಕ್ಕಳ ಸರದಿ ಬಂದದ್ದು 1984ರಲ್ಲಿ.

ಇದೇ ಗೋಡೆಯ ಉತ್ತರಕ್ಕಿರುವ ಬೀದಿಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು ಇದ್ದಿತು. ನಮ್ಮ ದೇಶದ ಆನಂದೀಬಾಯಿ ಜೋಶಿಯವರು ಓದಿದ್ದು ಅಲ್ಲಿಯೇ. 1886ನೆಯ ಮಾರ್ಚಿಯಲ್ಲಿ ಅವರಿಗೆ ವೈದ್ಯಪದವಿ ದೊರೆತಾಗ, ಆ ಸಮಾರಂಭವನ್ನು ನೋಡುವುದಕ್ಕೆಂದು ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರು ಪಂಡಿತಾ ರಮಾಬಾಯಿಯವರು. ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ನಮ್ಮ ಹುಡುಗಿಯರು ಮರೆಯಬಾರದು. ಆನಂದೀಬಾಯಿಯವರು ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲೇ, ತೀರಿಕೊಂಡರು. ರಮಾಬಾಯಿಯವರು ಸುಮಾರು ಮೂರು ವರ್ಷಗಳ ಕಾಲ ಆ ದೇಶವನ್ನು ಸುತ್ತಿ, ಶಿಶುವಿಹಾರದ ಬೋಧನಕ್ರಮವನ್ನು ಕಲಿತು, 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಒಂದು ಕಡೆ ಹೆಣ್ಣುಮಕ್ಕಳಿಗೆ ಎಡೆಯಿಲ್ಲದ ಗೋಡೆ, ಎದುರಿಗೆ ಸೀರೆಯುಟ್ಟ ವೈದ್ಯವಿದ್ಯಾರ್ಥಿನಿ! ಆ ಬೀದಿಯಲ್ಲಿ ಅರ್ಧ ಗಂಟೆ ಸುಮ್ಮನೆ ಅತ್ತಿತ್ತ ನಡೆದೆವು.

ವಾಷಿಂಗ್ಟನ್ ನಗರದಲ್ಲಿ ಒಂದೇ ದಿವಸ ಇದ್ದೆವು. ಫಿಲಡೆಲ್ಫಿಯಾದ ಮಗಳಾದ ಗಾಯಕಿ ಮೇರಿಯನ್ ಆಂಡರ್ಸನ್ ಅವರಿಗೆ ಬಣ್ಣದ ಕಾರಣದಿಂದ ಸಭಾಮಂದಿರವನ್ನು ಕೊಡದೆ ಹೋದಾಗ, 1939ನೆಯ ಇಸವಿಯ ಈಸ್ಟರ್ ಭಾನುವಾರ ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು, ಸುಮಾರು 75,000 ಜನರ ಮುಂದೆ ಹಾಡಿದರು. ಆ ಮೆಟ್ಟಿಲ ಮೇಲೆ ಕುಳಿತು ನಮ್ಮ ರೊಟ್ಟಿಯನ್ನು ತಿಂದೆವು.

2004ನೆಯ ಜೂನ್ ತಿಂಗಳಲ್ಲಿ ಷಿಕಾಗೊ ಮಾರ್ಗವಾಗಿ ಕ್ಯಾನ್ಸಸ್ ಸಂಸ್ಥಾನಕ್ಕೆ ಹೋದೆವು. ಷಿಕಾಗೊದಲ್ಲಿ, 1893ರಲ್ಲಿ ವಿವೇಕಾನಂದರು ಮಾತನಾಡಿದ ಕಟ್ಟಡವನ್ನೂ, ಜೇನ್ ಆಡಮ್ಸ್ ಅವರು 1889ರಲ್ಲಿ ವಲಸೆ ಬಂದ ಬಡ ಕುಟುಂಬಗಳ ನಡುವೆ ಆರಂಭಿಸಿದ ಹಲ್ ಹೌಸನ್ನೂ ನೋಡಿದೆವು. ನಮ್ಮ ಗುರಿ ಟೊಪೀಕಾ ಎಂಬ ಸಾಧಾರಣ ಪಟ್ಟಣ. ಅಲ್ಲಿಗೆ ಯಾತ್ರೆ ಹೋಗುತ್ತೇವೆಂದಾಗ ಸಹಪಾಠಿಗಳು ನಕ್ಕರು. 1954ನೆಯ ಮೇ 17ರಂದು ಅಮೆರಿಕದ ಶ್ರೇಷ್ಠ ನ್ಯಾಯಸ್ಥಾನವು ವರ್ಣಭೇದದ ಶಾಲೆಗಳು ಸಲ್ಲವೆಂದು ಕೊಟ್ಟ ತೀರ್ಪಿಗೆ ಹೆಸರು ಬಂದದ್ದು ಈ ಊರಿನ ಬ್ರೌನ್ ಎಂಬ ಕುಟುಂಬದಿಂದ. ಲಿಂಡಾ ಬ್ರೌನ್ ಓದಿದ ಮನ್ರೋ ಶಾಲೆಯನ್ನು, ತೀರ್ಪಿಗೆ ಐವತ್ತು ವರ್ಷ ತುಂಬಿದ ದಿವಸ ರಾಷ್ಟ್ರೀಯ ಸ್ಮಾರಕವಾಗಿ ತೆರೆದಿದ್ದರು; ಗೋಡೆಗಳಲ್ಲಿ ಇನ್ನೂ ಬಣ್ಣದ ವಾಸನೆಯಿತ್ತು. ಮನೆಗೆ ಹತ್ತಿರವಿದ್ದ ಬಿಳಿಯರ ಶಾಲೆಗೆ ಆ ಹುಡುಗಿಯನ್ನು ಸೇರಿಸಿಕೊಳ್ಳಲಿಲ್ಲ. ಹಾಗೆ ಸೇರಿಸಿಕೊಳ್ಳದ ಶಾಲೆಯ ಹೆಸರೇನು ಗೊತ್ತೆ? ಸಮ್ನರ್ ಶಾಲೆ. ಬೋಸ್ಟನ್ನಿನ ಸಾರಾ ಪರವಾಗಿ ವಾದಿಸಿದ ಅದೇ ಚಾರ್ಲ್ಸ್ ಸಮ್ನರ್! ಮಹನೀಯರ ಹೆಸರನ್ನು ಬಾಗಿಲ ಮೇಲೆ ಬರೆಯುವುದು ಸುಲಭ. ನಮ್ಮ ಗೆಳತಿಯು ಗಣಿತದವರಲ್ಲವೆ, ಬೆರಳು ಮಡಿಸಿ ಎಣಿಸಿದರು: 1850ರಿಂದ 1954ಕ್ಕೆ ನೂರನಾಲ್ಕು ವರ್ಷ.

ಕೊನೆಯ ಪ್ರವಾಸ 2005ನೆಯ ಮಾರ್ಚಿಯಲ್ಲಿ ನ್ಯೂ ಆರ್ಲಿಯನ್ಸಿಗೆ. ಆ ಊರಿನ ಸಂಗೀತ, ಕಬ್ಬಿಣದ ಕುಸುರಿಯ ಉಪ್ಪರಿಗೆಗಳು, ಮಿಸಿಸಿಪ್ಪಿ ನದಿಯ ಗಾಂಭೀರ್ಯ, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಯ ಅನ್ನ ಮತ್ತು ಕೆಂಪು ಕಾಳಿನ ಪಲ್ಯ—ಒಂದೂವರೆ ವರ್ಷದ ಮೇಲೆ ಮನೆಯ ಊಟ ಉಂಡಂತಾಯಿತು. ಆದರೆ ನಾವು ಹೋದದ್ದು ವಿಲಿಯಂ ಫ್ರಾಂಟ್ಸ್ ಪ್ರಾಥಮಿಕ ಶಾಲೆಯನ್ನು ನೋಡಲು. 1960ನೆಯ ನವೆಂಬರ್ 14ರಂದು ರೂಬಿ ಬ್ರಿಜಸ್ ಎಂಬ ಆರು ವರ್ಷದ ಹುಡುಗಿಯು, ಸುತ್ತಲೂ ನಾಲ್ವರು ಸರ್ಕಾರಿ ಅಧಿಕಾರಿಗಳ ಕಾವಲಿನಲ್ಲಿ, ಕಿರುಚುವ ಗುಂಪಿನ ನಡುವೆ ಈ ಮೆಟ್ಟಿಲುಗಳನ್ನು ಹತ್ತಿದಳು. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಹೋದರು. ಅವಳಿಗೆ ಪಾಠ ಹೇಳಲು ಒಪ್ಪಿದವರು ಬಾರ್ಬರಾ ಹೆನ್ರಿ ಎಂಬ ಒಬ್ಬರೇ ಉಪಾಧ್ಯಾಯಿನಿ, ಬೋಸ್ಟನ್ನಿನಿಂದ ಬಂದವರು. ಇಡೀ ವರ್ಷ ಆ ಕೊಠಡಿಯಲ್ಲಿ ಒಬ್ಬ ಗುರು, ಒಬ್ಬಳು ಶಿಷ್ಯೆ. ಹಾಜರಿಪುಸ್ತಕದಲ್ಲಿ ಒಂದೇ ಹೆಸರು. ತರಬೇತಿ ಪಡೆದ ಉಪಾಧ್ಯಾಯಿನಿಯರಾದ ನಾವಿಬ್ಬರೂ ಬೀದಿಯ ಈಚೆ ದಡದಲ್ಲಿ ನಿಂತು ಆ ಕಿಟಕಿಗಳನ್ನು ನೋಡುತ್ತಾ, ಒಂದೇ ಮಗುವಿಗೆ ಗುಂಪಾಟವನ್ನು ಹೇಗೆ ಆಡಿಸುವುದು, ಕೋರಸ್ ಹಾಡನ್ನು ಹೇಗೆ ಹಾಡಿಸುವುದು ಎಂದು ಬಹಳ ಹೊತ್ತು ಮಾತಾಡಿದೆವು.

ಬೋಸ್ಟನ್ ಇಂಥ ಉಪಾಧ್ಯಾಯಿನಿಯನ್ನು ದಕ್ಷಿಣಕ್ಕೆ ಕೊಟ್ಟಿತೆಂದು ಆ ಪಟ್ಟಣವನ್ನು ಹೊಗಳಿ ಮುಗಿಸುವಂತಿಲ್ಲ. 1974ರಲ್ಲಿ ನ್ಯಾಯಸ್ಥಾನದ ಆಜ್ಞೆಯಂತೆ ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬೇರೆ ಶಾಲೆಗಳಿಗೆ ಕಳುಹಿಸಿದಾಗ, ಅದೇ ಬೋಸ್ಟನ್ನಿನಲ್ಲಿ ಕಪ್ಪು ಮಕ್ಕಳ ಬಸ್ಸುಗಳಿಗೆ ಕಲ್ಲು ಬಿದ್ದವು. ಕಲ್ಲೆಸೆದವರೂ ಮಕ್ಕಳ ತಂದೆತಾಯಿಗಳೇ, ನೆರೆಹೊರೆಯವರೇ. ತಮ್ಮ ಮಕ್ಕಳ ಹಿತಕ್ಕಾಗಿಯೇ ಹಾಗೆ ಮಾಡುತ್ತೇವೆಂದು ನಂಬಿದ್ದವರು.

ಪೋಷಕರಿಗೆ ಹೇಳಬೇಕೆಂದಿದ್ದ ಮಾತು ಇಲ್ಲಿಗೆ ಸೇರಿದ್ದು. ಈ ವರ್ಷದ ಆರಂಭದಲ್ಲಿ ಕೆಲವರು ಸಹಿ ಮಾಡಿದ ಒಂದು ಅರ್ಜಿ ನಮಗೆ ಬಂದಿತು. ಮಧ್ಯಾಹ್ನ ಶಾಲೆಯ ಬಿಸಿಯೂಟ ಮಾಡುವ ಹುಡುಗಿಯರನ್ನು ಒಂದು ವಿಭಾಗದಲ್ಲಿಯೂ, ಮನೆಯಿಂದ ಡಬ್ಬಿ ತರುವವರನ್ನು ಇನ್ನೊಂದು ವಿಭಾಗದಲ್ಲಿಯೂ ಕೂರಿಸಬೇಕು. ಪಾಠಕ್ಕೂ ಅನುಕೂಲ, ಶಿಸ್ತಿಗೂ ಅನುಕೂಲ ಎಂಬುದು ಅದರ ಸಾರಾಂಶ. ಬಹಳ ವಿನಯದಿಂದ ಬರೆದ ಅರ್ಜಿ. ಸಹಿ ಮಾಡಿದವರಲ್ಲಿ ನಮ್ಮ ಕೈಯಲ್ಲಿಯೇ ಓದಿದ ಇಬ್ಬರಿದ್ದಾರೆ. ಅವರ ಅಕ್ಷರವನ್ನು ನಾವು ಬಲ್ಲೆವು. ಅದು ಆಗುವುದಿಲ್ಲ. ವಿಭಾಗಗಳನ್ನು ಹೆಸರಿನ ಅಕ್ಷರಕ್ರಮದಂತೆಯೇ ಮಾಡುತ್ತೇವೆ; ಊಟದ ಹಾಲೂ ಒಂದೇ, ಬೆಂಚೂ ಒಂದೇ. ಅರ್ಜಿಗೆ ಪ್ರತ್ಯೇಕವಾಗಿ ಉತ್ತರ ಬರೆದಿಲ್ಲವಾದ್ದರಿಂದ ಇದನ್ನೇ ಉತ್ತರವೆಂದು ತಿಳಿಯಬೇಕಾಗಿ ಪ್ರಾರ್ಥನೆ. ಈ ಕಾರಣದಿಂದ ಯಾರಾದರೂ ಮಗಳನ್ನು ಬೇರೆ ಶಾಲೆಗೆ ಸೇರಿಸುವುದಾದರೆ ನಮಗೆ ದುಃಖವಾಗುವುದು. ವರ್ಗಾವಣೆ ಪತ್ರವನ್ನು ಅದೇ ದಿವಸ ಕೊಡುತ್ತೇವೆ.

ನಾವು ಊರಿಗೆ ಹಿಂದಿರುಗಿದ ಎರಡೇ ತಿಂಗಳಲ್ಲಿ, 2005ನೆಯ ಆಗಸ್ಟ್ 29ರಂದು, ಕತ್ರೀನಾ ಚಂಡಮಾರುತವು ಅಪ್ಪಳಿಸಿ, ಏರಿಗಳು ಒಡೆದು, ನ್ಯೂ ಆರ್ಲಿಯನ್ಸಿನ ಹೆಚ್ಚು ಭಾಗವು ನೀರಿನಲ್ಲಿ ಮುಳುಗಿತು. ಆ ಶಾಲೆಯೂ ಕೆಟ್ಟುಹೋಯಿತು. ಅದನ್ನು ಕೆಡವದೆ ದುರಸ್ತಿ ಮಾಡಿ 2013ರಲ್ಲಿ ಮತ್ತೆ ಮಕ್ಕಳಿಗೆ ತೆರೆದರೆಂಬ ವರ್ತಮಾನವನ್ನು ಘಾನಾದ ಗೆಳತಿಯೇ ನಮಗೆ ತಿಳಿಸಿದರು. ಅವರೂ ಈಗ ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ.

ಆ ಪ್ರವಾಸಗಳಲ್ಲಿ ಸಂಗ್ರಹಿಸಿದ ನಕ್ಷೆಗಳೂ, ಬಸ್ಸಿನ ಚೀಟಿಗಳೂ, ಟೊಪೀಕಾದ ಚಿತ್ರಪಟಗಳೂ ನಮ್ಮ ಪುಸ್ತಕಾಲಯದ ಎರಡನೆಯ ಬೀರುವಿನಲ್ಲಿವೆ. ಪೂರ್ವವಿದ್ಯಾರ್ಥಿನಿಯರು ಶನಿವಾರ ಮಧ್ಯಾಹ್ನ ಬಂದರೆ ನೋಡಬಹುದು. ಬೀಗದ ಕೈ ಕಛೇರಿಯಲ್ಲಿರುತ್ತದೆ.