ಲಿಫ್ಟ್ ಇಲ್ಲದ ಮನೆಗೆ ಸ್ಟ್ರಾಲರ್

ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಜಯನಗರ ನಾಲ್ಕನೇ ಬ್ಲಾಕಿನ ಮಕ್ಕಳ ಸಾಮಾನಿನ ಅಂಗಡಿಯ ಗಾಜಿನ ಬಾಗಿಲು ತಳ್ಳಿದ್ದೇ ತಡ, ಎಸಿಯ ತಂಪಿನ ಜೊತೆಗೆ ಬೇಬಿ ಪೌಡರಿನ ಘಮ ಮುಖಕ್ಕೆ ಬಡಿಯುತ್ತದೆ. ನಾವು ನಾಲ್ವರು. ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿರುವ ನನ್ನ ಅಕ್ಕನ ಮಗಳು, ಅವಳ ಗಂಡ, ನಿನ್ನೆ ರಾತ್ರಿ ಧಾರವಾಡದಿಂದ ಬಂದಿಳಿದ ಅವನ ತಾಯಿ, ಮಂಡಿನೋವಿನ ಅಕ್ಕನ ಬದಲಿಗೆ ಬಂದಿರುವ ನಾನು. ಹುಡುಗಿಯ ಫೋನಿನಲ್ಲಿ ಗೆಳತಿಯರು ಕಳಿಸಿದ ಪಟ್ಟಿ ಇದೆ; ಬೆರಳಿಟ್ಟು ಸರಿಸಿದಷ್ಟೂ ಮುಗಿಯುವುದಿಲ್ಲ.

"ಕೂಸು ಹುಟ್ಟೂಕಿಂತ ಮದಲ ಕುಲಾವಿ ಹೊಲಿಸಿದ್ರಂತ," ಎಂದು ಬೀಗಿತ್ತಿ ಗೊಣಗುತ್ತಾರೆ. ಆದರೂ ಎಲ್ಲರಿಗಿಂತ ಮುಂದೆ ಅವರೇ ನಡೆದಿದ್ದಾರೆ.

ಸ್ಟ್ರಾಲರ್‌ಗಳು ಒಳಗಿನ ಗೋಡೆಗೆ ಸಾಲಾಗಿ ನಿಂತಿವೆ. ಅಂಗಡಿ ಹುಡುಗ ಬೂದು ಬಣ್ಣದ ಒಂದನ್ನು ಎಳೆದು ತಂದು ನಮ್ಮ ಮುಂದೆ ನಿಲ್ಲಿಸುತ್ತಾನೆ. "ಒಂದೇ ಕೈಲಿ ಮಡಚ್ಬೋದು ಮೇಡಂ." ಹಿಡಿಯ ನಡುವಿನ ಗುಂಡಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾನೆ, ಅದನ್ನು ಬಿಡದೆ ಕೆಳಗಿನ ಇನ್ನೊಂದನ್ನು ಒತ್ತುತ್ತಾನೆ, ಹಿಡಿಯನ್ನು ಮುಂದಕ್ಕೆ ಬಾಗಿಸುತ್ತಾನೆ. ಸೀಟು ಒಳಕ್ಕೆ ಕುಸಿದು, ಹಿಂದಿನ ಗಾಲಿಗಳು ಮುಂದಿನವಕ್ಕೆ ತಾಗಿ, ಚಟಕ್ ಎಂದು ಕೊಂಡಿ ಬೀಳುತ್ತದೆ. ನೋಡಲು ಚೆಂದ. ಈಗ ನಮ್ಮ ಹುಡುಗಿಯ ಸರದಿ. ಗುಂಡಿ ಸರಿಯುತ್ತದೆ, ಆದರೆ ಹಿಡಿಯನ್ನು ಬಾಗಿಸುವಾಗ ಹೊಟ್ಟೆ ಅಡ್ಡ ಬರುತ್ತದೆ. ಗಾಡಿ ಅರ್ಧ ಮಡಚಿಕೊಂಡು ಮೊಂಡು ಹಿಡಿದ ಎತ್ತಿನ ಹಾಗೆ ನಿಂತುಬಿಡುತ್ತದೆ.

ಹೀಗೆ ಮಡಚುವ ಯುಕ್ತಿ ತಂದವನು ವಿಮಾನದ ಎಂಜಿನಿಯರ್ ಎಂದು ನಾನು ಸುಮ್ಮನಿರಲಾರದೆ ಹೇಳುತ್ತೇನೆ. ಇಂಗ್ಲೆಂಡಿನ ಓವೆನ್ ಮೆಕ್ಲಾರೆನ್, ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿ ಮಡಚುವ ಭಾಗಕ್ಕೆ ಕೆಲಸ ಮಾಡಿದ್ದವನು. ಮಗಳು ಮಾಸ್ಕೋದಿಂದ ಕೂಸು ಕರೆದುಕೊಂಡು ಬಂದಾಗ ಅವಳ ಭಾರದ ಪ್ರಾಮ್ ಕಂಡು, 1965ರಲ್ಲಿ ಕೊಡೆಯಂತೆ ಮಡಚಿಕೊಳ್ಳುವ, ಮೂರು ಕೆ.ಜಿ. ಆಸುಪಾಸಿನ ಗಾಡಿ ರೂಪಿಸಿದ. ಅದಕ್ಕೂ ಬಹಳ ಹಿಂದೆ, 1733ರಲ್ಲಿ, ವಿಲಿಯಂ ಕೆಂಟ್ ಎಂಬ ವಿನ್ಯಾಸಗಾರ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಚಿಪ್ಪಿನಾಕಾರದ ಗಾಡಿ ಮಾಡಿಕೊಟ್ಟಿದ್ದ. ಅದನ್ನು ತಳ್ಳುವುದಲ್ಲ, ಆಡನ್ನೋ ಪುಟ್ಟ ಕುದುರೆಯನ್ನೋ ಕಟ್ಟಿ ಎಳೆಸುವುದು.

"ಆಡಿಂದ ಚಲೋ ಇತ್ತು ನೋಡ್ರಿ ಬೀಗಿತ್ತಿಯವರ," ಎನ್ನುತ್ತಾರೆ ಅವರು. "ಆಡು ಮೆಟ್ಲಾ ಹತ್ತತೈತಿ."

ನಗು ಬರುತ್ತದೆ, ಆದರೆ ಮಾತು ಬಿದ್ದದ್ದು ಸರಿಯಾದ ಜಾಗಕ್ಕೆ. ಇವರ ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗಾಡಿಯ ತಳದ ಚೀಟಿ ನೋಡಿದರೆ 9 ಕೆ.ಜಿ. ಬೆಳಿಗ್ಗೆ ಗಂಡ ಆಫೀಸಿಗೆ ಹೋದಮೇಲೆ ಇವಳೊಬ್ಬಳೇ ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಇದು, ಭುಜಕ್ಕೆ ಡೈಪರ್ ಚೀಲ ಹೊತ್ತು ಇಳಿಯಬೇಕು. ಅಂಗಡಿಯ ಮಹಡಿ ಮೆಟ್ಟಿಲು ಅಲ್ಲೇ ಇದೆ. "ಒಂದ್ಸಲ ಹೊತ್ಕೊಂಡು ಹತ್ತಿ ನೋಡಪ್ಪ," ಎಂದು ಅಳಿಯನಿಗೆ ಹೇಳುತ್ತೇನೆ. ಅವನು ಹತ್ತಿ, ತಿರುವಿನಲ್ಲಿ ಗಾಲಿಯನ್ನು ಕಂಬಿಗೆ ಬಡಿದು, ಇಳಿದು ಬರುತ್ತಾನೆ. ಏನೂ ಮಾತಾಡುವುದಿಲ್ಲ. ಶರ್ಟಿನ ತೋಳಿನಿಂದ ಹಣೆ ಒರೆಸಿಕೊಳ್ಳುತ್ತಾನೆ.

ಹಗುರದ್ದು ಇಲ್ಲವೇ? ಇದೆ, ಇದರ ಅರ್ಧದಷ್ಟೂ ತೂಗದ್ದು. ಅದರ ಬೆನ್ನಿನ ಪಟ್ಟಿ ಎಳೆದು ನೋಡುತ್ತೇನೆ; ಸೀಟು ಸ್ವಲ್ಪ ಒರಗುತ್ತದೆ, ಮಲಗುವುದಿಲ್ಲ. ಹಸುಗೂಸಿಗೆ ಕತ್ತು ನಿಲ್ಲುವುದಕ್ಕೆ ನಾಲ್ಕು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಗಾಡಿ ಹಾಸಿಗೆಯ ಹಾಗೆ ಚಪ್ಪಟೆಯಾಗಬೇಕು. ಇಲ್ಲದಿದ್ದರೆ ತಲೆ ಎದೆಗೆ ಜೋತು ಉಸಿರಿನ ದಾರಿಗೇ ಅಡ್ಡಿ. ಚಪ್ಪಟೆಯಾಗುವುದು ಭಾರ, ಹಗುರದ್ದು ಚಪ್ಪಟೆಯಾಗುವುದಿಲ್ಲ. ಎರಡೂ ಕೂಡಿ ಬಂದ ಗಾಡಿಯೊಂದನ್ನು ಹುಡುಗ ತೋರಿಸುತ್ತಾನೆ. ಬೆಲೆ ಚೀಟಿ ತಿರುಗಿಸಿ ನೋಡಿದ ಅಳಿಯ ಅದನ್ನು ಹಾಗೇ ಮರಳಿ ತಿರುಗಿಸುತ್ತಾನೆ.

"ಸ್ವಲ್ಪ ಹೊರಗಡೆ ತಳ್ಳಿ ನೋಡ್ಬೋದಾ?" ಎಂದು ಕೇಳುತ್ತೇನೆ. ಅಂಗಡಿಯ ಟೈಲ್ಸ್ ಮೇಲೆ ಯಾವ ಗಾಡಿಯಾದರೂ ಬೆಣ್ಣೆಯಂತೆ ಓಡುತ್ತದೆ. ಅಂಗಡಿ ಹುಡುಗ ಕ್ಯಾಷಿನಲ್ಲಿ ಕೂತವರ ಮುಖ ನೋಡುತ್ತಾನೆ. ಅವರು ತಲೆಯಾಡಿಸುತ್ತಾರೆ.

ಫುಟ್‌ಪಾತಿಗೆ ಇಳಿಯುತ್ತೇವೆ. ಮೊದಲ ನಾಲ್ಕು ಹೆಜ್ಜೆ ಸಲೀಸು. ಆಮೇಲೆ ಚರಂಡಿಯ ಮೇಲಿನ ಎರಡು ಚಪ್ಪಡಿಗಳ ನಡುವೆ ಬಿರುಕು. ಮುಂದಿನ ಗಾಲಿ ಅದರೊಳಗೆ ಅಡ್ಡ ತಿರುಗಿ ಕಚ್ಚಿಕೊಳ್ಳುತ್ತದೆ. ಹಿಡಿಯನ್ನು ಕೆಳಕ್ಕೆ ಒತ್ತಿ ಮುಂದಿನ ಗಾಲಿ ಎತ್ತಿ ದಾಟಿಸಬೇಕು, ಗಾಡಿಯಲ್ಲಿ ಕೂಸಿರುವಾಗ. ಅಲ್ಲಿಂದ ಒಂದು ಮರ, ಬೇರು ಎದ್ದು ಕಲ್ಲನ್ನು ಓರೆಯಾಗಿಸಿದೆ. ಮರದ ಬುಡಕ್ಕೆ ಆನಿಸಿ ನಿಲ್ಲಿಸಿದ ಸ್ಕೂಟರ್. ಅದರಾಚೆ ಕರೆಂಟಿನ ಪೆಟ್ಟಿಗೆ. ಇನ್ನು ಉಳಿದದ್ದು ರಸ್ತೆಗಿಳಿಯುವುದು, ಆದರೆ ಅಂಚಿನ ಕಲ್ಲು ಮೊಳಕಾಲಿನ ಅರ್ಧದಷ್ಟು ಎತ್ತರ. ಅಳಿಯ ಗಾಡಿಯನ್ನು ಅನಾಮತ್ತಾಗಿ ಎತ್ತಿ ರಸ್ತೆಗೆ ಇಳಿಸುತ್ತಾನೆ. ಅಷ್ಟರಲ್ಲಿ ಒಂದು ಆಟೋ ಪಕ್ಕದಲ್ಲೇ ನಿಂತು ಗುರುಗುಟ್ಟುತ್ತದೆ. ನಾನು ಬಗ್ಗಿ ನೋಡುತ್ತೇನೆ: ಕೂಸಿನ ಮೂಗು ಬರುವ ಎತ್ತರ ಮತ್ತು ಹೊಗೆಯ ಕೊಳವೆಯ ಎತ್ತರದ ನಡುವೆ ದೊಡ್ಡ ವ್ಯತ್ಯಾಸವೇನಿಲ್ಲ.

ಪಟ್ಟಿಯಲ್ಲಿ ಗಾಡಿಯ ಹೆಸರಿದೆ, ದಾರಿಯ ಹೆಸರಿಲ್ಲ. ಇದೇ ಗಾಡಿ ಲಾಲ್‌ಬಾಗಿನ ಒಳರಸ್ತೆಯಲ್ಲಿ, ಕಬ್ಬನ್ ಪಾರ್ಕಿನಲ್ಲಿ, ಟೆಂಡರ್‌ಶೂರ್ ಯೋಜನೆಯಲ್ಲಿ ಫುಟ್‌ಪಾತ್ ಅಗಲಿಸಿದ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಮೆಟ್ರೊ ನಿಲ್ದಾಣಕ್ಕೆ ಲಿಫ್ಟ್ ಇದೆ. ಆದರೆ ಇವರ ಮನೆ ಬಾಗಿಲಿನಿಂದ ಅಲ್ಲಿಗೆ ಹೋಗುವುದು ಹೇಗೆ? ಸ್ಟ್ರಾಲರ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಅಂಗಡಿಗೆ ಹೋಗುವ ಮುಂಚೆ, ಖಾಲಿ ಸೂಟ್‌ಕೇಸ್ ಒಂದನ್ನು ಉರುಳಿಸಿಕೊಂಡು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಬನ್ನಿ.

"ನಮ್ಮ ಕಡೆ ಟೊಂಕದ ಮ್ಯಾಲ ಕುಂಡ್ರಿಸಿಕೊಂಡ ಊರ ತುಂಬ ಅಡ್ಡಾಡ್ತಿದ್ವಿ," ಎನ್ನುತ್ತಾರೆ ಬೀಗಿತ್ತಿ. ಅಂಗಡಿ ಹುಡುಗ ಚುರುಕು. ಗಾಡಿಯನ್ನು ಒಳಗೆ ಬಿಟ್ಟು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತರುತ್ತಾನೆ, ತೂಕ ತುಂಬಿದ ಬೊಂಬೆಯ ಸಮೇತ. ಅಳಿಯ ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಾನೆ. ಬೊಂಬೆಯ ಮಂಡಿ ಅಂಡಿಗಿಂತ ಮೇಲೆ, ಕಪ್ಪೆಯ ಕಾಲಿನಂತೆ ಅಗಲವಾಗಿ ಕೂರಬೇಕು. ಮುಖ ಸದಾ ಕಾಣುತ್ತಿರಬೇಕು. ಗದ್ದ ಎದೆಗೆ ಅಂಟಬಾರದು. ಇವನು ಕೈ ಬಿಟ್ಟು ನಾಲ್ಕು ಹೆಜ್ಜೆ ನಡೆದು, ಕನ್ನಡಿಯಲ್ಲಿ ನೋಡಿಕೊಂಡು, ಬೊಂಬೆಯ ಬೆನ್ನು ತಟ್ಟುತ್ತಾನೆ. ತಟ್ಟಿದ್ದು ತನಗೇ ಗೊತ್ತಾಗಿಲ್ಲ. ನಮ್ಮ ಹುಡುಗಿ ಫೋನು ತೆಗೆದು ಪಟ್ಟಿಯ ಮೊದಲ ಸಾಲು ಅಳಿಸುತ್ತಾಳೆ.

ಮುಂದಿನ ಸಾಲುಗಳು ಬೇಗ ಬೇಗ ಮುಗಿಯುತ್ತವೆ. ಗಾಲಿಯ ವಾಕರ್ ಬೇಡ. ಮೆಟ್ಟಿಲಿರುವ ಮನೆಗೆ ಮೊದಲೇ ಬೇಡ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ತಲೆ ದುಂಡಗಾಗಲಿ ಎಂದು ಸಾಸಿವೆ ದಿಂಬು ಕೈಗೆತ್ತಿಕೊಂಡ ಬೀಗಿತ್ತಿಗೆ ಡಾಕ್ಟರು ದಿಂಬೇ ಬೇಡವೆಂದಿದ್ದಾರೆಂದು ಹೇಳಿ ಒಪ್ಪಿಸುವಷ್ಟರಲ್ಲಿ ಸಾಕಾಗುತ್ತದೆ. ಹಾಲಿನ ಬಾಟಲಿಯ ಮೇಲೆ ಮಾತ್ರ ಇಲ್ಲಿ ಯಾವ ರಿಯಾಯಿತಿ ಚೀಟಿಯೂ ಇಲ್ಲ. 1992ರ ಕಾಯ್ದೆ ಬಾಟಲಿಗೆ, ಪುಡಿ ಹಾಲಿಗೆ ಜಾಹೀರಾತು ಕೂಡದು, ಆಮಿಷ ಕೂಡದು ಎನ್ನುತ್ತದೆ. "ಒಳಲೆ ಐತಿ ಮನಿಯಾಗ, ಬೆಳ್ಳೀದು," ಎಂದು ಬೀಗಿತ್ತಿ ಆ ಕಪಾಟಿಗೆ ಬೆನ್ನು ತಿರುಗಿಸುತ್ತಾರೆ. ಬಟ್ಟೆಗೂ ಅಷ್ಟೆ, ಚೆನ್ನಾಗಿ ಬೆಳೆದ ಕೂಸಿನ ಹಳೆಯ ಅಂಗಿಯೇ ಹೊಸ ಕೂಸಿಗೆ ಶ್ರೇಷ್ಠ ಎಂಬುದು ಅವರ ಮತ. ನನ್ನದೂ ಅದೇ, ಒಗೆದು ಒಗೆದು ಮೆತ್ತಗಾಗಿರುತ್ತದೆ. ಅಸಲಿಗೆ ಹಸುಗೂಸಿಗೆ ಬೇಕಾದದ್ದು ಎಷ್ಟು? ಕರ್ನಾಟಕ ಸರ್ಕಾರ ಬಡ ಬಾಣಂತಿಯರಿಗೆಂದು 2007ರಲ್ಲಿ ಶುರು ಮಾಡಿದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಹೊದಿಕೆ, ಸೋಪು, ಕೂಸಿನ ಬಟ್ಟೆ ಎಲ್ಲ ಒಂದೇ ಚೀಲಕ್ಕೆ ಹಿಡಿಸುತ್ತಿದ್ದವು. ಫಿನ್‌ಲೆಂಡಿನವರು 1938ರಿಂದ ತಾಯಂದಿರಿಗೆ ಕೊಡುತ್ತ ಬಂದಿರುವುದು ಒಂದು ರಟ್ಟಿನ ಪೆಟ್ಟಿಗೆ. ಸಾಮಾನು ತೆಗೆದಮೇಲೆ ತಳದಲ್ಲಿರುವ ಪುಟ್ಟ ಹಾಸಿಗೆಯ ಮೇಲೆ ಕೂಸನ್ನೇ ಮಲಗಿಸಬಹುದು.

ತೊಟ್ಟಿಲಿನ ಹತ್ತಿರ ಬಂದಾಗ ಗಾಳಿಯೇ ಬದಲಾಗುತ್ತದೆ. ಅಂಗಡಿ ಹುಡುಗ ಸ್ವಿಚ್ ಒತ್ತುತ್ತಾನೆ, ಬ್ಯಾಟರಿಯ ತೊಟ್ಟಿಲು ತಾನೇ ತೂಗತೊಡಗುತ್ತದೆ. ಬೀಗಿತ್ತಿ ಎರಡೂ ಕೈಯಿಂದ ಅದನ್ನು ಹಿಡಿದು ನಿಲ್ಲಿಸುತ್ತಾರೆ. "ಬರೇ ತೊಟ್ಲಾ ತೂಗಬಾರದೋ ತಮ್ಮಾ!" ನಾಮಕರಣದ ದಿನವೂ ಅವರ ಕಡೆ ಕೂಸಿಗಿಂತ ಮುಂಚೆ ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರಂತೆ. ಆಮೇಲೆ ಅವರು ನನ್ನ ಕಡೆ ತಿರುಗುತ್ತಾರೆ. "ತೊಟ್ಲಾ ತವರುಮನಿಯವರು ಕೊಡೂದು ನಮ್ಮಲ್ಲೆ ರೂಢಿ. ನಾ ಏನೂ ಹೇಳೂದಿಲ್ಲ. ಕಲಘಟಗೀದು ಅಂದ್ರ ಮಂದಿ ನೋಡತಾರ, ಅಷ್ಟ."

ನಾ ಏನೂ ಹೇಳೂದಿಲ್ಲ ಎಂದು ಎಲ್ಲವನ್ನೂ ಹೇಳಿಯಾಯಿತು. ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಕಲಘಟಗಿಯ ಬಣ್ಣದ ತೊಟ್ಟಿಲನ್ನು ನಾನೂ ನೋಡಿದ್ದೇನೆ. ಅರಗಿನ ಬಣ್ಣದ ಹೊಳಪು, ಪಟ್ಟಿಗಳ ಮೇಲೆ ಕೃಷ್ಣನ ಬಾಲಲೀಲೆ, ಒಂದೊಂದೂ ಕೈಯಲ್ಲೇ ಬರೆದದ್ದು. ತಿಂಗಳುಗಟ್ಟಲೆ ಮುಂಚೆ ಹೇಳಿಡಬೇಕು. ನಟ ಅಂಬರೀಶ್ 2018ರಲ್ಲಿ ತೀರಿಕೊಳ್ಳುವ ಮುಂಚೆ, ಯಶ್ ಮತ್ತು ರಾಧಿಕಾ ಪಂಡಿತ್ ಅವರಿಗೆ ಹುಟ್ಟಲಿದ್ದ ಮಗುವಿಗೆಂದು ಅಂಥದೊಂದನ್ನು ಹೇಳಿಟ್ಟಿದ್ದರು. ಅಂದರೆ ಕುಲಾವಿ ಹೊಲಿಸಬಾರದು, ಕಲಘಟಗಿಗೆ ಮಾತ್ರ ಹೇಳಿಡಬಹುದು! ಅಕ್ಕನಿಗೆ ಫೋನು ಮಾಡಿ ಕೇಳುತ್ತೇನೆ ಎನ್ನುತ್ತೇನೆ. ಬೀಗಿತ್ತಿಗೆ ಅಷ್ಟು ಸಾಕು, ಬ್ಯಾಟರಿ ತೊಟ್ಟಿಲನ್ನು ಇನ್ನು ತಿರುಗಿಯೂ ನೋಡುವುದಿಲ್ಲ.

ಜಗಳ ಹುಟ್ಟುವುದು ಕಾರ್ ಸೀಟಿಗೆ. "ಎತ್ಕೊಂಡು ಕುಂತ್ರ ಆಗೂದಿಲ್ಲೇನು? ನಿನ್ನ ನಾ ಹಂಗ ತಂದಿಲ್ಲೇನು ದವಾಖಾನಿಯಿಂದ?" ಅಳಿಯ ಅಮ್ಮನೆದುರು ದನಿ ಏರಿಸುವವನಲ್ಲ, ಲೆಕ್ಕ ಹೇಳುತ್ತಾನೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತಿತು ಅನ್ನು, ಮೂರೂವರೆ ಕೆ.ಜಿ.ಯ ಕೂಸು ಆ ಗಳಿಗೆಯಲ್ಲಿ ಸುಮಾರು 70 ಕೆ.ಜಿ. ಭಾರದ ಹಾಗೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. "ಯಾರ ಕೈಯಾಗ ನಿಲ್ತೈತಿ ಅವ್ವಾ?" ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟನ್ನೋ ಇಂಥ ಸೀಟನ್ನೋ ಹಾಕದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ಆ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಯಾರಾದರೂ ಬಳಸಿ ಬಿಟ್ಟದ್ದು ಸಿಗಬಹುದಲ್ಲ ಎಂದು ಬೀಗಿತ್ತಿ. ಅಂಗಿ ಹಳೆಯದಾದರೆ ಒಳ್ಳೆಯದೇ. ಸೀಟು ಹಾಗಲ್ಲ. ಒಂದು ಅಪಘಾತ ಕಂಡ ಸೀಟಿನ ಒಳಗೆ ಬಿರುಕಿದ್ದರೆ ಹೊರಗೆ ಕಾಣುವುದಿಲ್ಲ. ಅಳಿಯ ಬೆನ್ನಿನ ಚೀಟಿ ಓದುತ್ತಾನೆ: ಆರ್129. ಈ ನಿಯಮದ ಪ್ರಕಾರ 15 ತಿಂಗಳು ತುಂಬುವವರೆಗೆ ಕೂಸಿನ ಮುಖ ಕಾರಿನ ಹಿಂಭಾಗಕ್ಕೇ ಇರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹೀಗೆ ಕೂರಿಸುವ ಹಾಗೇ ಇಲ್ಲ. ಬಿಲ್ಲಿನಲ್ಲಿ ಮುದ್ರಣವಾಗುವುದು ಈ ಕಾರ್ ಸೀಟು, ಕ್ಯಾರಿಯರ್, ಸೊಳ್ಳೆಪರದೆ. ಮೂರೇ.

ಸೀಟು ಕೂರಿಸುವುದು ಪಾರ್ಕಿಂಗಿನಲ್ಲಿ. ಎಡಬದಿಯ ಹಿಂದಿನ ಸೀಟಿನ ಸಂದಿಗೆ ಅಳಿಯ ಬೆರಳು ತೂರಿಸಿ ಐಸೊಫಿಕ್ಸ್ ಕೊಂಡಿ ಹುಡುಕುತ್ತಾನೆ. ಮೊದಲು ಬಿಸ್ಕತ್ತಿನ ಪುಡಿ, ಒಂದು ಐದು ರೂಪಾಯಿ ನಾಣ್ಯ, ಆಮೇಲೆ ತಣ್ಣನೆಯ ಕಬ್ಬಿಣದ ಕಂಬಿ. ಬುಡವನ್ನು ಒತ್ತಿದಾಗ ಎರಡು ಬಾರಿ ಕಟಕ್, ಕೆಂಪು ಗುರುತು ಹಸಿರಾಗುತ್ತದೆ. ಹಿಡಿದು ಅಲುಗಾಡಿಸಿ ನೋಡುತ್ತೇನೆ. ಒಂದು ಇಂಚಿಗಿಂತ ಹೆಚ್ಚು ಆಡಬಾರದು, ಆಡುವುದಿಲ್ಲ. ಆದರೆ ಇದಕ್ಕೆ ಜಾಗವಾಗಲು ಮುಂದಿನ ಸೀಟನ್ನು ಎಳೆದೆಳೆದು ಡ್ಯಾಶ್‌ಬೋರ್ಡಿಗೆ ತಾಗಿಸಬೇಕಾಯಿತು. ಅಲ್ಲಿ ಬಸುರಿ ಕೂರುವ ಹಾಗಿಲ್ಲ. ಗಿಡ್ಡಗಿರುವ ಬೀಗಿತ್ತಿಗೆ ಆ ಜಾಗ. ಹಿಂದೆ ಬಲಕ್ಕೆ ಹುಡುಗಿ, ನಡುವೆ ಉಸಿರು ಬಿಗಿ ಹಿಡಿದು ನಾನು.

ಅಳಿಯ ಕೀಲಿ ತಿರುಗಿಸುತ್ತಾನೆ. "ತಡಿ," ಎನ್ನುತ್ತಾರೆ ಬೀಗಿತ್ತಿ. "ಹಂಗ ಬರೇದ ಒಯ್ಯಬ್ಯಾಡ ಅದನ್ನ." ಕಾಲ ಬುಡದ ಚೀಲದಿಂದ, ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಕೊಂಡ ತೆಂಗಿನಕಾಯಿ ತೆಗೆದು ನನ್ನ ಕೈಗೆ ದಾಟಿಸುತ್ತಾರೆ. ನಾನು ಅದನ್ನು ಹೊಸ ಸೀಟಿನಲ್ಲಿ ಇಡುತ್ತೇನೆ, ಜುಟ್ಟು ಮೇಲಾಗಿ. ಅಳಿಯ ಇಳಿದು, ಸುತ್ತಿ ಬಂದು, ಬಾಗಿಲು ತೆಗೆದು ಪಟ್ಟಿ ಹಾಕುತ್ತಾನೆ. ಭುಜದ ಹತ್ತಿರ ಪಟ್ಟಿ ಚಿವುಟಲು ಸಿಗಬಾರದು ಎಂದು ಅಂಗಡಿ ಹುಡುಗ ಹೇಳಿಕೊಟ್ಟಿದ್ದಾನೆ. ಎಷ್ಟು ಬಿಗಿದರೂ ಸಿಗುತ್ತಿದೆ.

"ತೆಂಗಿನಕಾಯಿಗೆ ಭುಜ ಎಲ್ಲಿಂದ ತರ್ತೀಯಾ, ಬಾ ಹೊರಡೋಣ," ಎನ್ನುತ್ತಾಳೆ ನಮ್ಮ ಹುಡುಗಿ. ಹಿಂದಿನಿಂದ ಇನ್ನೊಂದು ಕಾರು, ಜಾಗ ಬಿಡಿ ಎಂದು, ಹಾರ್ನ್ ಮಾಡುತ್ತಿದೆ.