ಮುದಿ ಜೀಪಿನೊಡನೆ ಕೊಡಚಾದ್ರಿಗೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರವೆಂಬ ಊರಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕೆಳದಿಯ ಅರಸರ ಕಾಲದಲ್ಲಿ ಬಿದನೂರೆನಿಸಿ ರಾಜಧಾನಿಯಾಗಿದ್ದು, ೧೭೬೩ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆಂಬ ಹೆಸರನ್ನು ತಳೆದು, ಕಡೆಗೆ ಬರಿಯ ನಗರವಾಗಿ ಉಳಿದ ಸ್ಥಳವಿದು. ಹೆಸರು ನಗರವಾದರೂ ಸುತ್ತಲಿರುವುದು ಕಾಡು, ಅಡಕೆಯ ತೋಟ, ಹೊಳೆ ಮತ್ತು ಮಳೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಈ ಸೀಮೆಯ ಎಷ್ಟೋ ಊರುಗಳೊಡನೆ ಎಷ್ಟೋ ದಾರಿಗಳೂ ಮುಳುಗಿದುವು; ಕಣ್ಣಿಗೆ ಕಾಣುವ ಊರಿಗೆ ಗಾವುದ ಸುತ್ತಿ ಹೋಗಬೇಕಾಯಿತು. ಇಂತಹ ನಾಡಿನಲ್ಲಿ ಜೀಪು ವಿನೋದದ ವಾಹನವಲ್ಲ. ಎತ್ತು, ಗಾಡಿ, ದೋಣಿಗಳ ಸಾಲಿಗೆ ಸೇರಿದ ಮನೆಯ ಸೊತ್ತು.

ನಮ್ಮ ಮೂಲಮನೆಯು ನಗರಕ್ಕೆ ಕೆಲವು ಮೈಲಿಗಳ ದೂರದಲ್ಲಿದೆ. ಅಲ್ಲಿಯ ಜೀಪು ೧೯೮೭ನೆಯ ಇಸವಿಯದು, ಎಂ.ಎಂ. ೫೪೦ ಎಂಬ ಜಾತಿಯದು. ಇದರ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವೆವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸುವ ಕೆಲಸವನ್ನು ೧೯೪೭ರಲ್ಲಿ ಕೈಕೊಂಡವರು ಮುಂಬಯಿಯ ಮಹೀಂದ್ರರು. ೧೯೪೫ರಲ್ಲಿ ಆ ಸಂಸ್ಥೆ ಹುಟ್ಟಿದಾಗ ಅದರ ಹೆಸರು ಮಹೀಂದ್ರ ಮತ್ತು ಮಹಮ್ಮದ್ ಎಂದಿದ್ದಿತು. ಪಾಲುಗಾರರಾದ ಗುಲಾಮ್ ಮಹಮ್ಮದರು ದೇಶವಿಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲನೆಯ ಅರ್ಥಮಂತ್ರಿಗಳಾದುದರಿಂದ, ೧೯೪೮ರಲ್ಲಿ ಹೆಸರಿನ ಉತ್ತರಾರ್ಧ ಬದಲಾಯಿತು. ಮೊದಲಿನ ಜೀಪುಗಳು ಪೆಟ್ರೋಲಿನವು. ೧೯೭೯ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಹಕ್ಕು ಪಡೆದು ತಯಾರಿಸಿದ ಡೀಸೆಲ್ ಎಂಜಿನ್ನು ನಮ್ಮ ಜೀಪಿನಲ್ಲಿರುವುದು: ನಾಲ್ಕು ಸಿಲಿಂಡರು, ೨೧೧೨ ಘನ ಸೆಂಟಿಮೀಟರು. ಗದ್ದಲ ಬಹಳ, ವೇಗ ಸ್ವಲ್ಪ. ಆದರೆ ಕಡಿದಾದ ಏರಿನಲ್ಲಿ ಎಮ್ಮೆಯಂತೆ ಒಂದೇ ಹದದಲ್ಲಿ ನಡೆಯಬಲ್ಲದು.

ಮೂವತ್ತು ವರ್ಷಕ್ಕೂ ಮಿಕ್ಕಿ ಇದನ್ನು ನೋಡಿಕೊಂಡವರು ನಮ್ಮ ಚಿಕ್ಕಪ್ಪನವರು. ಹೊಳೆಯಾಚೆ ಐದು ಮನೆಗಳಿವೆ. ಆಷಾಢ ಶ್ರಾವಣಗಳಲ್ಲಿ ಅಲ್ಲಿಗೆ ಬೇರೆ ವಾಹನ ಹೋಗದು. ಹೆರಿಗೆಯ ನೋವು, ಹಾವಿನ ಕಡಿತ, ಅಡಕೆಯ ಮರದಿಂದ ಬಿದ್ದ ಪೆಟ್ಟು, ಯಾವುದೇ ಆಗಲಿ, ನಡುರಾತ್ರಿಯಲ್ಲಿ ಅಂಗಳದಲ್ಲಿ ಟಾರ್ಚಿನ ಬೆಳಕು ಕಂಡರೆ ಚಿಕ್ಕಪ್ಪನವರು “ಯಾರಿಗೆ?” ಎಂದಿಷ್ಟೇ ಕೇಳಿ ಕೀಲಿಕೈ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಎಪ್ಪತ್ತು ದಾಟಿ ಕಿವಿ ಮಂದವಾದ ಕಾಲಕ್ಕೆ ಜೀಪಿಗೂ ಕಾಯಿಲೆ ಹಿಡಿಯಿತು. ಬೆಳಗ್ಗೆ ಎಬ್ಬಿಸಿದರೆ ಏಳದು. ಎದ್ದರೆ ಬಿಳಿಯ ಹೊಗೆ. ಎರಡು ಮಳೆಗಾಲ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿತು. ಖಾಸಗಿ ವಾಹನಕ್ಕೆ ೧೫ ವರ್ಷವಾದ ಮೇಲೆ ೫ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನೋಂದಣಿಯನ್ನು ಹೊಸದು ಮಾಡಿಸಬೇಕಷ್ಟೆ. ಆ ಗಡುವು ೨೦೨೨ರ ಮೇ ತಿಂಗಳಿಗೆ ಮುಗಿಯುವುದಿತ್ತು. ಪಟ್ಟಣದ ಒಂದು ಕಾರ್ಖಾನೆಯವರು ಎಂಜಿನ್ನನ್ನೇ ಬದಲಾಯಿಸಬೇಕೆಂದು ಹೇಳಿದ ಮೊತ್ತವನ್ನು ಕೇಳಿ ನಮ್ಮ ಅಣ್ಣನವರು ಗುಜರಿಗೆ ಕೊಡುವುದೇ ಮೇಲೆಂದರು. ಗುಜರಿಯವನು ಬಂದು ತಟ್ಟಿ ನೋಡಿಯೂ ಹೋದನು.

೨೦೨೧ರ ದೀಪಾವಳಿಗೆ ಮನೆಯವರೆಲ್ಲ ಕೂಡಿದಾಗ ಈ ಮಾತು ಮತ್ತೆ ಎದ್ದಿತು. ಚಿಕ್ಕಪ್ಪನವರು ಬಹಳ ಹೊತ್ತು ಸುಮ್ಮನಿದ್ದು, “ಮಾರುವುದಾದರೆ ಮಾರಿ, ಬೇಡವೆನ್ನೆ. ಆದರೆ ಓಡುವ ಜೀಪನ್ನು ಮಾರಿ, ಸತ್ತುದನ್ನು ಮಾರಬೇಡಿ” ಎಂದರು. ಅದಕ್ಕೆ ಯಾರೂ ಎದುರಾಡಲಿಲ್ಲ. ಮಹಾಮಾರಿಯ ದೆಸೆಯಿಂದ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದ ನಮ್ಮ ಮಗಳು ಮರುದಿನವೇ ಹಳೆಯ ಸೀರೆಯ ತುಂಡನ್ನು ತಲೆಗೆ ಕಟ್ಟಿಕೊಂಡು ಜೀಪಿನ ಕೆಳಗೆ ಹೊಕ್ಕಳು.

ಡೀಸೆಲ್ ಎಂಜಿನ್ನಿನ ಮರ್ಮ ಬಹಳ ಸರಳವಾದುದು. ಪೆಟ್ರೋಲಿನದಕ್ಕೆ ಕಿಡಿ ಬೇಕು, ಇದಕ್ಕೆ ಬೇಡ. ಸಿಲಿಂಡರಿಗೆ ಹೊಕ್ಕ ಗಾಳಿಯನ್ನು ೨೦ರಲ್ಲಿ ೧ ಪಾಲಿನಷ್ಟು ಎಡೆಗೆ ಅದುಮಿದರೆ ಅದು ತಾನಾಗಿಯೇ ಕಾದು ಕೆಂಡದಂತಾಗುವುದು. ಆ ಕ್ಷಣದಲ್ಲಿ ನಾಜಲ್ಲಿನ ಮೂಲಕ ಎಣ್ಣೆಯನ್ನು ಸಿಡಿಸಿದರೆ ಹೊತ್ತಿಕೊಳ್ಳುವುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೋಡಿದವರಿಗೆ ಇದರ ಅರ್ಧ ತಿಳಿದಂತೆಯೇ. ಆದಕಾರಣ ಇಂತಹ ಎಂಜಿನ್ನಿಗೆ ಕಾಯಿಲೆ ಬಂದರೆ ಮೂರನ್ನು ವಿಚಾರಿಸಬೇಕು: ಗಾಳಿ ಸರಿಯಾಗಿ ಅದುಮಲ್ಪಡುತ್ತಿದೆಯೇ, ಎಣ್ಣೆ ತಪ್ಪದೆ ಬರುತ್ತಿದೆಯೇ, ಬಂದ ಎಣ್ಣೆ ಮಂಜಿನಂತೆ ಸಿಡಿಯುತ್ತಿದೆಯೇ.

ಮೊದಲನೆಯದು ಕೆಟ್ಟಿದ್ದರೆ ಖರ್ಚು ದೊಡ್ಡದು. ಕಾರ್ಖಾನೆಯವರು ಹೆದರಿಸಿದ್ದೂ ಅದನ್ನೇ. ಅಳೆದು ನೋಡಿಸಿದಾಗ ನಾಲ್ಕು ಸಿಲಿಂಡರುಗಳೂ ಗಟ್ಟಿಯಾಗಿದ್ದುವು. ಎರಡನೆಯದಕ್ಕೆ ಮಗಳು ಫಿಲ್ಟರಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತಿದಳು. ಎಣ್ಣೆಯ ಜತೆಗೆ ನೊರೆ ಬಂದಿತು; ಎಷ್ಟು ಒತ್ತಿದರೂ ನೊರೆ ನಿಲ್ಲದು. ಟ್ಯಾಂಕಿನಿಂದ ಬರುವ ರಬ್ಬರಿನ ಕೊಳವೆ ಕಲ್ಲಾಗಿ, ಕೂದಲೆಳೆಯಷ್ಟು ಬಿರುಕು ಬಿಟ್ಟು, ಗಾಳಿಯನ್ನು ಹೀರುತ್ತಿದ್ದಿತು! ಕೊಳವೆಯ ಬೆಲೆ ಕೆಲವೇ ರೂಪಾಯಿ. ಚಳಿಯಲ್ಲಿ ಸಿಲಿಂಡರನ್ನು ಮುಂಚಿತವಾಗಿ ಕಾಯಿಸುವ ನಾಲ್ಕು ಹೀಟರುಗಳಲ್ಲಿ ಎರಡು ಸತ್ತಿದ್ದುವು; ಅವನ್ನೂ ಬದಲಾಯಿಸಿದೆವು.

ಮೂರನೆಯ ಪರೀಕ್ಷೆಗೆ ಚಿಕ್ಕಪ್ಪನವರೇ ಎದ್ದು ಬಂದರು. ಎಂಜಿನ್ನು ಓಡುತ್ತಿರುವಾಗ ನಾಜಲ್ಲುಗಳ ಕೊಳವೆಯ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸದ್ದನ್ನು ಕೇಳಬೇಕು. ಕೆಲಸ ಮಾಡುತ್ತಿದ್ದ ಸಿಲಿಂಡರಾದರೆ ಸದ್ದು ಕುಗ್ಗುವುದು, ಸೋಮಾರಿಯಾದರೆ ವ್ಯತ್ಯಾಸವಿಲ್ಲ. (ಅಲ್ಲಿ ಬೆರಳನ್ನು ಅಡ್ಡವಿಡಬಾರದು, ಅಷ್ಟು ಒತ್ತಡದ ಎಣ್ಣೆ ಚರ್ಮವನ್ನೇ ತೂರಿಕೊಂಡು ಹೋಗುವುದು. ಅಭ್ಯಾಸವಿಲ್ಲದವರು ಇದನ್ನು ಮಾಡಲೇಬಾರದು.) ಕೇಳಬೇಕಾದವರ ಕಿವಿ ಮಂದ. ಅವರು ಉದ್ದನೆಯ ತಿರುಪುಳಿಯ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಣ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಒಂದು, ಎರಡು, ಮೂರನೆಯದಕ್ಕೆ ಕೈಯೆತ್ತಿದರು. “ಕೂಸೇ, ನೀನು ಕೇಳು” ಎಂದು ತಿರುಪುಳಿಯನ್ನು ಮಗಳ ಕೈಗೆ ಕೊಟ್ಟರು. ಆಕೆ ಕೇಳಿದಳು, ಮತ್ತೆ ಕೇಳಿದಳು. ಅರ್ಧ ಗಂಟೆಯಾದ ಮೇಲೆ “ತಿಳಿಯಿತು, ಚಿಕ್ಕಜ್ಜ” ಎಂದಳು. ಶಿವಮೊಗ್ಗದ ಪಂಪಿನ ಅಂಗಡಿಯಲ್ಲಿ ಆ ನಾಜಲ್ಲನ್ನು ಯಂತ್ರಕ್ಕಿಟ್ಟು ತೋರಿಸಿದರು: ಮಿಕ್ಕ ಮೂರು ಮಂಜು ಸುರಿಸಿದರೆ ಇದು ಮಳೆ ನಿಂತ ಮೇಲಿನ ಸೂರಿನಂತೆ ತೊಟ್ಟಿಕ್ಕುತ್ತಿದ್ದಿತು. ಬಿಳಿಯ ಹೊಗೆಯ ಮೂಲ ಅದೇ.

ಮೈಯ ಕೆಲಸವನ್ನು ಬೇಗ ಹೇಳಿ ಮುಗಿಸುವೆವು. ಮಲೆನಾಡಿನ ಮಳೆ ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುವುದು. ಕಾಲಿಡುವ ತಗಡನ್ನು ಟಿಂಕರಿಂಗಿನವರು ಕತ್ತರಿಸಿ ಹೊಸದನ್ನು ಬೆಸೆದರು. ಬ್ರೇಕಿನ ರಬ್ಬರುಗಳೆಲ್ಲವೂ ಹೊಸವು. ಇದರಲ್ಲಿ ಮಾತ್ರ ಜಿಪುಣತನ ಸಲ್ಲದು. ಅತ್ತಿಗೆಯವರು ನಟ್ಟು ಬೋಲ್ಟುಗಳನ್ನು ಸೀಮೆಯೆಣ್ಣೆಯಲ್ಲಿ ನೆನೆಸಿ, ಉಪ್ಪಿನಕಾಯಿಯ ಶೀಸೆಗಳಲ್ಲಿ ಹಾಕಿ, ಯಾವುದು ಎಲ್ಲಿಯದೆಂಬ ಚೀಟಿ ಅಂಟಿಸಿದರು. ಖರ್ಚಿನ ಲೆಕ್ಕವೂ ಅವರದೇ. ಆ ಶೀಸೆಗಳಿಲ್ಲದಿದ್ದರೆ ಜೀಪು ಇಂದಿಗೂ ಬಿಡಿಬಿಡಿಯಾಗಿಯೇ ಇರುತ್ತಿದ್ದಿತೆಂದು ನಮ್ಮ ದೃಢವಾದ ನಂಬಿಕೆ.

ಮೇ ತಿಂಗಳಲ್ಲಿ ಹೊಗೆಯ ಪರೀಕ್ಷೆಯೂ ನೋಂದಣಿಯೂ ಆದುವು. ಹಿಂದೆ ೬೦೦ ರೂಪಾಯಿಯಾಗಿದ್ದ ಶುಲ್ಕ ಆ ವರ್ಷದ ಏಪ್ರಿಲ್ ೧ರಿಂದ ೫,೦೦೦ಕ್ಕೆ ಏರಿದ್ದಿತು. ಅಣ್ಣನವರು ಗೊಣಗುತ್ತಲೇ ಕಟ್ಟಿದರು. ಶ್ರಾವಣದ ಒಂದು ರಾತ್ರಿ ಅಂಗಳದಲ್ಲಿ ಟಾರ್ಚಿನ ಬೆಳಕು ಕಾಣಿಸಿತು. ಹೊಳೆಯಾಚೆಯ ಸೊಸೆಗೆ ದಿನ ತುಂಬಿದ್ದಿತು. ಚಿಕ್ಕಪ್ಪನವರಿಗೆ ಯಾರೂ ಕೂಗಿದ್ದು ಕೇಳಿಸಿರಲಿಲ್ಲ. ಜೀಪನ್ನು ಹೊರಡಿಸಿದವರು ಅಣ್ಣನವರು. ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕೊಡಚಾದ್ರಿಗೆ ಹೊರಟುದು ಡಿಸೆಂಬರಿನಲ್ಲಿ. ನಗರದಿಂದ ಸಂಪೆಕಟ್ಟೆಯ ಮಾರ್ಗವಾಗಿ ಕಟ್ಟಿನಹೊಳೆಯವರೆಗೆ ಯಾವ ವಾಹನವಾದರೂ ಹೋದೀತು. ಮುಂದಿನದು ನಾಲ್ಕು ಗಾಲಿಗಳಿಗೂ ಶಕ್ತಿಯುಳ್ಳ ಜೀಪುಗಳ ದಾರಿ. ಇಲ್ಲಿಯೂ ನಿಟ್ಟೂರು, ಕೊಲ್ಲೂರುಗಳಲ್ಲಿಯೂ ಬಾಡಿಗೆಯ ಜೀಪುಗಳು ದೊರೆಯುವುವು. ನಮಗೆ ಅಂದು ಅನುಮತಿ ದೊರೆಯಿತು. ಸ್ವಂತ ವಾಹನದಲ್ಲಿ ಹೋಗಬಯಸುವವರು ಅರಣ್ಯ ಇಲಾಖೆಯವರನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ದಾರಿಯೆಂದರೆ ಮಳೆಗಾಲದ ನೀರು ತನಗಾಗಿ ಕೊರೆದುಕೊಂಡ ಚರಂಡಿ. ಕೆಂಪು ಮಣ್ಣು, ನಡುನಡುವೆ ಕುರಿಯಷ್ಟು ದಪ್ಪದ ಬಂಡೆಗಳು. ಮಗಳು ಗೇರಿನ ಪಕ್ಕದ ಚಿಕ್ಕ ಸನ್ನೆಗಳನ್ನು ಎಳೆದು ಕೆಳಗಿನ ಗೇರಿಗೆ ಹಾಕಿದಳು. ಜೀಪು ನಡೆಯುವ ಮನುಷ್ಯನಿಗಿಂತ ಮೆಲ್ಲಗೆ, ಒಂದೊಂದು ಗಾಲಿಯನ್ನೂ ಇಟ್ಟು ನೋಡಿ ಇಡುವಂತೆ ಏರತೊಡಗಿತು. ಅತ್ತಿಗೆಯವರು ಕಂಬಿಯನ್ನು ಹಿಡಿದು ದೇವರ ನಾಮವನ್ನು ಆರಂಭಿಸಿದರು; ಕುಲುಕಾಟದಲ್ಲಿ ಅದು ಸಾಗಲಿಲ್ಲ.

ಮೂಲ ಮೂಕಾಂಬಿಕೆಯ ಗುಡಿಯ ಬಳಿ ದಾರಿ ಮುಗಿಯುವುದು. ಗುಡಿಯ ಮುಂದೆ ಎತ್ತರವಾದ ಕಬ್ಬಿಣದ ಕಂಬವೊಂದಿದೆ; ದೇವಿಯ ತ್ರಿಶೂಲವೆಂದು ಜನರು ಭಾವಿಸುತ್ತಾರೆ. ಇಷ್ಟು ಮಳೆಯಲ್ಲಿಯೂ ಅದು ನಿಂತಿರುವುದನ್ನು ಕಂಡು, ಆರು ತಿಂಗಳು ತುಕ್ಕು ಕೆರೆದ ನಮಗೆ ಮಿಕ್ಕವರಿಗಿಂತ ಹೆಚ್ಚು ಭಕ್ತಿಯುಂಟಾಯಿತು. ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲ್ನಡಿಗೆ. ೧,೩೪೩ ಮೀಟರ್ ಎತ್ತರದ ಶಿಖರದಲ್ಲಿ ಶಂಕರಾಚಾರ್ಯರ ಹೆಸರಿನ ಚಿಕ್ಕ ಕಲ್ಲುಮಂಟಪ. ಸುತ್ತಲೂ ಹುಲ್ಲಿನ ಬೋಳು ನೆತ್ತಿಗಳು, ಕಣಿವೆಗಳಲ್ಲಿ ಮಾತ್ರ ಕಪ್ಪಗೆ ಒತ್ತಿಕೊಂಡ ಕಾಡು. ಸಂಜೆಯ ಹೊತ್ತಿಗೆ ಪಡುವಣದಲ್ಲಿ ಅರಬ್ಬೀ ಸಮುದ್ರ ಒಂದು ಹಿತ್ತಾಳೆಯ ತಗಡಿನಂತೆ ಹೊಳೆಯಿತು. ಚಿಕ್ಕಪ್ಪನವರು ಮೇಲಕ್ಕೆ ಬರಲಿಲ್ಲ. ನಾವು ಮರಳಿದಾಗ ಅವರು ಬಾಡಿಗೆಯ ಜೀಪಿನ ಹುಡುಗರ ನಡುವೆ ಕುಳಿತು, ಒಬ್ಬನ ಎಂಜಿನ್ನಿಗೆ ತಿರುಪುಳಿ ಊರಿದ್ದರು.

ಇಳಿಯುವುದು ಏರುವುದಕ್ಕಿಂತ ಕಷ್ಟ. “ಕ್ಲಚ್ಚನ್ನು ಮುಟ್ಟಬೇಡ, ಎಂಜಿನ್ನೇ ಹಿಡಿದುಕೊಳ್ಳುತ್ತದೆ” ಎಂದು ಅವರು ಒಂದೇ ಸಾರಿ ಹೇಳಿ, ಕಟ್ಟಿನಹೊಳೆಯವರೆಗೆ ಮಾತಾಡಲಿಲ್ಲ. ಅಲ್ಲಿ ಗಾಲಿಯ ಕೆಸರನ್ನು ತೊಳೆಯುತ್ತಿರುವಾಗ ಮಗಳು ತಾನಾಗಿಯೇ ಕಿವಿಗೊಟ್ಟು, “ಎರಡನೆಯ ನಾಜಲ್ಲು ಸ್ವಲ್ಪ ಒರಟಾಗಿದೆ, ಚಿಕ್ಕಜ್ಜ” ಎಂದಳು. ಅವರಿಗೆ ಕೇಳಿಸಲಿಲ್ಲ. ಆಕೆ ಎರಡು ಬೆರಳನ್ನು ಎತ್ತಿ ತೋರಿಸಿದಳು. ಅವರು ತಲೆದೂಗಿ, ಕೀಲಿಕೈಯನ್ನು ಅವಳಲ್ಲಿಯೇ ಇಟ್ಟುಕೊಳ್ಳುವಂತೆ ಸನ್ನೆ ಮಾಡಿದರು.